ಅಬೇದಾಬಿಯ ಮೊಣಕಾಲು

ಕೊಪ್ಪಳದ ಬಸ್‌ಸ್ಟ್ಯಾಂಡಿನ ಸಿಮೆಂಟು ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತು, ಒಳಗೆ ಬರುತ್ತಿರುವ ಬಸ್ಸಿನ ಹಾರ್ನ್ ಒಂದನ್ನೇ ಕೇಳಿ, ಅದು ಯಾವ ಡಿಪೋದ್ದು, ಟಯರು ಸವೆದಿದೆಯೋ ಇಲ್ಲವೋ, ಡ್ರೈವರ್ ಬೆಳಿಗ್ಗೆ ತಿಂದದ್ದು ಉಪ್ಪಿಟ್ಟೋ ಮಂಡಕ್ಕಿ ಒಗ್ಗರಣೆಯೋ, ತಿನ್ನುವಾಗ ಹೆಂಡತಿಯ ಕೂಡ ಜಗಳ ತೆಗೆದಿದ್ದನೋ ಹೇಗೆ ಎಂಬುದನ್ನೆಲ್ಲ ಹೇಳಬಲ್ಲವನು ಈ ಭೂಮಂಡಲದಲ್ಲಿ ನಾನೊಬ್ಬನೇ. ಇದರಲ್ಲಿ ಒಂದು ಅಕ್ಷರವೂ ಹೆಚ್ಚಿನದಲ್ಲ. ಕುಷ್ಟಗಿಯ ಬಸ್ಸು ಗಂಟಲು ಕೆರೆದುಕೊಂಡು ಕೂಗುತ್ತದೆ, ದಾರಿಯುದ್ದಕ್ಕೂ ಧೂಳು ನುಂಗಿ ಬಂದವನ ಹಾಗೆ. ಯಲಬುರ್ಗಾದ್ದು ಎರಡು ಸಲ ಜೋರಾಗಿ ಕೂಗಿ ಮೂರನೆಯ ಸಲಕ್ಕೆ ನಾಚಿಕೊಳ್ಳುತ್ತದೆ. ಗಂಗಾವತಿಯದಕ್ಕೆ ಮಾತ್ರ ಭತ್ತದ ಸಾಹುಕಾರನ ದಿಮಾಕು. ಇನ್ನೂ ಗೇಟಿನ ಹೊರಗಿರುವಾಗಲೇ ಸ್ಟ್ಯಾಂಡಿನಲ್ಲಿರುವವರೆಲ್ಲ ಎದ್ದು ನಿಂತಿರಬೇಕು ಅದಕ್ಕೆ. ಇವನ್ನೆಲ್ಲ ಮೊಬೈಲಿನಲ್ಲಿ ಹಿಡಿದು ನಾನು ಇನ್‌ಸ್ಟಾಗ್ರಾಮಿಗೆ ಹಾಕುತ್ತೇನೆ. ತಿರುವಿನಲ್ಲಿ ವಾಲಿದ ಬಸ್ಸು, ಮಳೆ ನಿಂತ ಮೇಲೆ ನೀರಿನಲ್ಲಿ ತಲೆಕೆಳಗಾದ ಬಸ್ಸು, ಖಾಲಿ ಬಸ್ಸಿನ ಕೊನೆಯ ಸೀಟು. ಈ ಚಿತ್ರಗಳಿಗಾಗಿ ದೇಶವಿದೇಶಗಳ ಜನ ನಿದ್ದೆಗೆಟ್ಟು ಕಾಯುತ್ತಾರೆ. ತಪ್ಪದೆ ಮೆಚ್ಚಿಗೆ ಒತ್ತುವವರು ಸದ್ಯಕ್ಕೆ ಇಬ್ಬರು: ರಾಯಚೂರಿನ ಒಬ್ಬ ಅಪರಿಚಿತ, ಮತ್ತು ಟಯರು ಮಾರುವ ಒಂದು ಅಂಗಡಿ. ಉಳಿದವರು ಸಂಕೋಚದ ಜನ. ಇನ್ನು ಸ್ಟ್ಯಾಂಡಿನ ಕಾಂಪೌಂಡಿಗೆ ಹತ್ತಿಕೊಂಡು ಮಿರ್ಚಿ ಗಾಡಿ ಇಟ್ಟಿರುವ ಗೌಸಬೀಯ ಮೇಲೆ ನನ್ನ ಪ್ರಭಾವ ಎಷ್ಟೆಂದರೆ, ನಾನು ಬಾಯಿ ತೆರೆಯುವುದೇ ಬೇಡ, ಬೆರಳೆತ್ತಿದರೆ ಸಾಕು, ಕಾಗದದಲ್ಲಿ ಮಿರ್ಚಿ ಕಟ್ಟಿ ಅದರ ಮೇಲೆ ಇನ್ನೊಂದನ್ನು ತಾನಾಗಿ ಇಡುತ್ತಾಳೆ. ಬೇರೆ ಯಾರಿಗೂ ಹಾಗೆ ಇಡುವುದಿಲ್ಲ. ನಾನು ಗಮನಿಸಿದ್ದೇನೆ.

ಮುಂಜಾನೆ ಹಳ್ಳಿಯ ಬಸ್ಸುಗಳು ಬರುವ ಹೊತ್ತಿನ ಗದ್ದಲವೇ ಬೇರೆ. ಸುತ್ತಲ ಹಳ್ಳಿಗಳಿಂದ ಬಂದು ಇಲ್ಲಿ ಕೋಣೆ ಹಿಡಿದು ಓದುವ ಹುಡುಗರಿಗೆ ಮನೆಯ ಬುತ್ತಿ ಬರುವುದು ಬಸ್ಸಿನಲ್ಲಿ. ನಸುಕಿನಲ್ಲಿ ಎದ್ದ ತಾಯಂದಿರು ರೊಟ್ಟಿ ಬಡಿದು, ಪಲ್ಯ ತುಂಬಿ, ಡಬ್ಬಿಯನ್ನು ಕೈಚೀಲಕ್ಕೆ ಹಾಕಿ, ಡ್ರೈವರನ ಪಕ್ಕದಲ್ಲಿ ಎಂಜಿನ್ನಿನ ಮೇಲೆ ಇಟ್ಟು ಹೋಗುತ್ತಾರೆ. ಎಂಜಿನ್ನಿನ ಕಾವಿಗೆ ಪಲ್ಯ ಬಿಸಿಯಾಗಿಯೇ ಊರು ಮುಟ್ಟುತ್ತದೆ. ಚೀಲಗಳ ಮೇಲೆ ಹೆಸರಿಲ್ಲ. ಒಂದರ ಹಿಡಿಕೆಗೆ ಕೆಂಪು ದಾರ, ಇನ್ನೊಂದಕ್ಕೆ ಹಳೆಯ ಸೀರೆಯ ಅಂಚು, ಮತ್ತೊಂದು ಯಾವುದೋ ಬಟ್ಟೆ ಅಂಗಡಿಯವರು ದೀಪಾವಳಿಗೆ ಕೊಟ್ಟದ್ದು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಹುಡುಗರು ಕಿಟಕಿಗೆ ಜೋತುಬೀಳುತ್ತಾರೆ.

“ಲೇ ಕಲ್ಲ್ಯಾ, ನಿಂದೇನೋ ಇವತ್ತ?”

“ಪುಂಡಿಪಲ್ಯ.”

“ನಿನ್ನೆನೂ ಅದ, ಮೊನ್ನೆನೂ ಅದ!”

“ನಮ್ಮ ಹೊಲದಾಗ ಪುಂಡಿ ಮುಗಿಯೂತನ ನನಗ ಬಿಡುಗಡಿ ಇಲ್ಲೋ ಮಾರಾಯಾ. ತಡಿ, ನಿಂದು ತೆಗಿ. ಏ, ಝುಣಕ! ಇವತ್ತಿಂದ ನೀನ ನಮ್ಮಣ್ಣ.”

ಹೀಗೆ ಒಬ್ಬರ ಚೀಲಕ್ಕೆ ಒಬ್ಬರು ಮೂಗು ತೂರಿಸುತ್ತ, ಇಬ್ಬಿಬ್ಬರು ಮೂವರು ಮೂವರಾಗಿ ಹೊರಟುಹೋಗುತ್ತಾರೆ. ಅವರು ಹೋದ ಮೇಲೂ ಆ ಜಾಗದಲ್ಲಿ ಸ್ವಲ್ಪ ಹೊತ್ತು ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಯಾರನ್ನೋ ಕಾಯುವ ಹಾಗೆ ನಿಂತಿರುತ್ತದೆ. ನಾನು ಬೆಂಚು ಬಿಟ್ಟು ಏಳುವುದಿಲ್ಲ. ನನಗೆ ಬುತ್ತಿ ಬರುವುದಿಲ್ಲ. ಮೊದಲು ಬರುತ್ತಿತ್ತು.

ನಮ್ಮವ್ವ ಹುಲಿಗವ್ವ ಬಡಿದ ರೊಟ್ಟಿಯನ್ನು ಎತ್ತಿ ಹಿಡಿದರೆ ಆಚೆ ಬದಿಗೆ ನಿಂತವನ ಮೀಸೆಯ ಕೂದಲು ಎಣಿಸಬಹುದು, ಅಷ್ಟು ತೆಳುವು. ಆದರೆ ಜೋಳದ ಖಡಕ್ ರೊಟ್ಟಿಗೆ ಒಂದು ಕೆಟ್ಟ ಸ್ವಭಾವವಿದೆ: ಒಬ್ಬನೇ ಕೂತು ಮುರಿದರೆ ಸದ್ದು ಮಾಡುತ್ತದೆ. ನಾಲ್ಕು ಜನ ಕೂಡಿ ಮುರಿಯುವಾಗ ಆ ಸದ್ದು ಎಲ್ಲಿ ಅಡಗಿಕೊಳ್ಳುತ್ತದೋ ತಿಳಿಯದು. ನನ್ನ ಕೋಣೆ ಇರುವುದು ಒಂದು ಮನೆಯ ಮಾಳಿಗೆಯ ಮೇಲೆ, ತಗಡಿನ ಸೂರಿನ ಕೆಳಗೆ. ಜೊತೆಗಿದ್ದ ಹುಡುಗ ಮೊದಲ ತಿಂಗಳಿನಲ್ಲೇ ಹಾಸಿಗೆ ಸುತ್ತಿಕೊಂಡು ತನ್ನ ಊರಿನವರ ಕೋಣೆಗೆ ಹೋದ. ಅಲ್ಲಿ ಕೇರಂ ಬೋರ್ಡು ಇದೆಯಂತೆ. ಆಮೇಲೆ ನಾನು ರೊಟ್ಟಿ ಮುರಿದರೆ ಸೂರು ಮುರಿದು ಬಿದ್ದ ಹಾಗೆ ಆಗತೊಡಗಿತು. ಕೆಳಗಿನ ಮನೆಯವರು ಕೇಳಿಸಿಕೊಳ್ಳುತ್ತಿದ್ದಾರೆ, ನೋಡು, ಮೇಲೆ ಒಬ್ಬನೇ ಉಣ್ಣುತ್ತಿದ್ದಾನೆ ಅನ್ನುತ್ತಿದ್ದಾರೆ ಎಂದು ಅನ್ನಿಸಿ, ಬಾಯಲ್ಲಿಟ್ಟ ತುಣುಕನ್ನು ಜಗಿಯದೆ, ಅದು ನೆನೆದು ಮೆತ್ತಗಾಗುವ ತನಕ ಕಾದು ನುಂಗುತ್ತಿದ್ದೆ. ಒಂದು ದಿನ ಡಬ್ಬಿಯನ್ನು ತೆರೆಯಲೇ ಇಲ್ಲ. ಮುಂದೆ ಇಟ್ಟುಕೊಂಡು ಅದರ ಮುಚ್ಚಳದಲ್ಲಿ ಅಗಲವಾಗಿ ಕಾಣುವ ನನ್ನ ಮುಖ ನೋಡುತ್ತ ಕೂತೆ, ಹೊತ್ತು ಇಳಿಯಿತು. ತುಂಬಿದ ಡಬ್ಬಿ ಹಾಗೇ ಬಸ್ಸಿನಲ್ಲಿ ಊರಿಗೆ ತಿರುಗಿ ಹೋಯಿತು. ಖಾಲಿಯಾಗಿ ಬರಬೇಕಾದ ಬುತ್ತಿ ಭಾರವಾಗಿ ಬಂದರೆ ಮನೆಯವರ ಕೈಕಾಲು ಬಿದ್ದುಹೋಗುತ್ತವೆ. ಅವ್ವನ ಫೋನು ಬಂತು. “ಯಾಕೋ, ಜ್ವರ ಏನು? ಯಾರರ ಏನರ ಅಂದ್ರೇನು?” ಎಂದಳು. ಏನೂ ಆಗಿಲ್ಲ ಎಂದು ಹೇಳಿದ್ದರೆ ನಡೆಯುತ್ತಿತ್ತು. ನಾನು ಹೇಳಿದೆ: “ಹಾಸ್ಟೆಲಿನ್ಯಾಗ ಸೀಟು ಸಿಕ್ತಬೇ ಅವ್ವಾ. ಇನ್ನ ಮ್ಯಾಲೆ ಬುತ್ತಿ ಬ್ಯಾಡ. ಇಲ್ಲಿ ಊಟ ಹೆಂಗೈತಿ ಅಂದ್ರ, ಲಗ್ನದ ಮನಿ ಸೈತ ನಾಚಬೇಕು.” ಹಾಸ್ಟೆಲೂ ಇಲ್ಲ, ಲಗ್ನದ ಮನೆಯೂ ಇಲ್ಲ. ಹೋಟೆಲಿನಲ್ಲಿ ಉಣ್ಣುತ್ತೇನೆ, ಒಮ್ಮೊಮ್ಮೆ ಮಠದ ದಾಸೋಹಕ್ಕೆ ಹೋಗುತ್ತೇನೆ. ಸಾವಿರ ಜನರ ಪಂಕ್ತಿಯಲ್ಲಿ ಕೂತರೆ ಒಬ್ಬನೇ ಅನ್ನಿಸಲಾರದು ಎಂದು ಹೋದವನು. ಎಡಗಡೆಯವನು ತನ್ನ ಎಡಕ್ಕೆ ತಿರುಗಿ, ಬಲಗಡೆಯವನು ತನ್ನ ಬಲಕ್ಕೆ ತಿರುಗಿ ಮಾತಾಡುತ್ತಿದ್ದರು. ನನ್ನ ಒಂದು ಕಿವಿಗೆ ಎತ್ತಿನ ವ್ಯಾಪಾರ, ಇನ್ನೊಂದು ಕಿವಿಗೆ ಯಾರದೋ ಮನೆಯ ವಾಸ್ತುಶಾಂತಿ. ಎರಡನ್ನೂ ಕೇಳುತ್ತ ಕೂತಿರುವಾಗ ಸಾರು ಆರಿತು.

ಇಷ್ಟಕ್ಕೆಲ್ಲ ಕಾರಣ ತುಂಗಭದ್ರಾ ಹೊಳೆ. ಮೊದಲ ದಿನ ತರಗತಿಯಲ್ಲಿ ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ ಹೆಸರು, ಊರು, ಬಿಡುವಿನ ಹವ್ಯಾಸ ಹೇಳಿಸುತ್ತಿದ್ದರು. ಕ್ರಿಕೆಟ್, ಹಾಡು ಕೇಳುವುದು, ರೀಲ್ಸ್ ಮಾಡುವುದು ಎಂದು ಸಾಲು ನನ್ನ ಕಡೆ ಬರುತ್ತಿತ್ತು, ಅದು ಹತ್ತಿರವಾದಷ್ಟೂ ನನ್ನ ಬಳಿ ಹೇಳಲು ಏನೂ ಇಲ್ಲ ಎಂಬುದು ಬಟ್ಟೆ ಬಿಚ್ಚಿದಂತೆ ಗೊತ್ತಾಗುತ್ತಿತ್ತು. ಎದ್ದು ನಿಂತು, “ಹೊಳಿಯಪ್ಪ ಸರ್, ಇರಕಲ್ಲಗಡದ ಆಚಿ ಊರು. ಈಜೂದು” ಎಂದೆ. ಅಲ್ಲಿಗೆ ಕೂಡಬಹುದಿತ್ತು. ಬಾಯಿ ಕೂಡಲಿಲ್ಲ. ಹೊಳೆ ತುಂಬಿ ಬಂದ ವರ್ಷ ವಿರೂಪಾಪುರಗಡ್ಡೆಯಿಂದ ಒಬ್ಬ ಫಾರಿನ್ ಹೆಂಗಸನ್ನು ಬೆನ್ನ ಮೇಲೆ ಹೊತ್ತು, ಬಗಲಲ್ಲಿ ಆಕೆಯ ನಾಯಿಯನ್ನು ಹಿಡಿದು ಈಚೆ ದಡಕ್ಕೆ ಈಜಿ ಬಂದದ್ದನ್ನು ಹೇಳಿದೆ. ಹೇಳುತ್ತ ಹೇಳುತ್ತ ನೀರಿನ ತಂಪು ನನ್ನ ಎದೆಗೆ ತಾಗುತ್ತಿತ್ತು. ನಾಯಿಯ ಉಗುರು ಪಕ್ಕೆಗೆ ಚುಚ್ಚುತ್ತಿತ್ತು. ಮುಂದಿನ ಬೆಂಚಿನಿಂದ ಒಬ್ಬ ಹುಡುಗಿ ತಿರುಗಿದಳು. ಸುನಿತಾ. “ಅದು ನಮ್ಮೂರು” ಎಂದಳು. “ಯಾವ ಕಡಿಂದ ಇಳದ್ರಿ? ನೀರು ಬಂದಾಗ ನಾವೆಲ್ಲ ಮ್ಯಾಲಿನ ಬಂಡೆಗಲ್ಲಿನ ಮ್ಯಾಲಿದ್ವಿ, ಎಲ್ಲಾ ಕಾಣ್ತಿತ್ತು. ನಿಮ್ಮನ್ನ ನೋಡಿದ ನೆಪ್ಪಿಲ್ಲ.” ಅವಳು ಅಣಕಿಸಲಿಲ್ಲ. ನಿಜವಾಗಿ ನೆನಪು ಮಾಡಿಕೊಳ್ಳುತ್ತಿದ್ದಳು, ಹುಬ್ಬು ಗಂಟಿಕ್ಕಿ, ಆ ದಿನದ ನೀರಿನಲ್ಲಿ ನನ್ನನ್ನು ಹುಡುಕುತ್ತಿದ್ದಳು. ನಕ್ಕವರು ಉಳಿದವರು. ಅಂದಿನಿಂದ ನಾನು ಬಾಯಿ ತೆರೆದರೆ ಸಾಕು, ಹಿಂದಿನ ಬೆಂಚಿನಿಂದ “ನಾಯಿ ಎಲ್ಲಿ ಬಿಟ್ಟ್ಯೋ?” ಎಂದು ಬರುತ್ತಿತ್ತು. ಹಾಜರಿ ಕೂಗುವಾಗ ಎಸ್ ಸರ್ ಅನ್ನುವುದನ್ನು ಬಿಟ್ಟು ಬೆರಳೆತ್ತತೊಡಗಿದೆ. ಆಮೇಲೆ ಬೆರಳೆತ್ತಲಿಕ್ಕೂ ಹೋಗಲಿಲ್ಲ. ತಯಾರಾಗಿ ಹೊರಡುತ್ತೇನೆ, ಚೀಲ ಹೆಗಲಿಗಿರುತ್ತದೆ, ಕಾಲೇಜಿನ ಬಸ್ಸು ಬರುತ್ತದೆ, ಅದರ ಚಿತ್ರ ತೆಗೆಯುತ್ತೇನೆ, ಅದು ಹೋಗುತ್ತದೆ. ನನಗೆ ಈಜು ಬರುವುದಿಲ್ಲ ಎಂಬುದು ಇಲ್ಲಿ ಸಣ್ಣ ವಿಷಯ.

ಅಬೇದಾಬಿ ಬಂದದ್ದು ಇದರ ನಂತರ. “ಹಾಸ್ಟೆಲಿನ್ಯಾಗ ಅಡಿಗಿ ಮಾಡಾವ್ರು ಯಾರು?” ಎಂದು ಅವ್ವ ಕೇಳಿದಾಗ ಒಬ್ಬಾಕಿ ಹೆಣ್ಣುಮಗಳು ಎಂದೆ. ಹೆಸರೇನು ಎಂದಳು. ಎದುರಿಗೆ ನಿಂತ ಆಟೋದ ಹಿಂದೆ ‘ಅಮ್ಮೀ ಅಬೇದಾಬಿ ಆಶೀರ್ವಾದ’ ಎಂದು ಬರೆದಿತ್ತು. ಮರುದಿನ ಅವ್ವ ಮತ್ತೆ ಕೇಳಿದಳು, ಅಬೇದಾಬಿ ಇವತ್ತು ಏನು ಮಾಡಿದ್ದಳು ಎಂದು. ಹೀಗೆ ದಿನಾ ಸಂಜೆ, ಹೊಲದಿಂದ ಬಂದು ಕೈಕಾಲು ತೊಳೆದು ಅವ್ವ ಫೋನು ಹಚ್ಚುವ ಹೊತ್ತಿಗೆ ನಾನು ಅಬೇದಾಬಿಯನ್ನು ಸಿದ್ಧ ಮಾಡಿ ಇಟ್ಟಿರಬೇಕು. ಅವಳು ಒಂದು ಹೊತ್ತಿಗೆ ಏಳುನೂರು ರೊಟ್ಟಿ ಬಡಿಯುವವಳಾದಳು. ದೂರದಿಂದಲೇ ಎಸೆದರೆ ರೊಟ್ಟಿ ಹಂಚಿನ ಮೇಲೆ ನೆಟ್ಟಗೆ ಬೀಳುತ್ತದೆ. ಮೊಣಕಾಲು ನೋವು ಬಂತು, ಯಾಕೆಂದರೆ ಇಷ್ಟು ದೊಡ್ಡ ಹೆಂಗಸಿಗೆ ಒಂದಾದರೂ ನೋವಿರಬೇಕು. ಗಂಡ ತೀರಿಹೋದ. ಕುಷ್ಟಗಿಗೆ ಕೊಟ್ಟ ಒಬ್ಬ ಮಗಳು ಹುಟ್ಟಿದಳು, ಆ ಮಗಳು ಬಸುರಾದಳು. “ಏ ಹೊಳಿಯಪ್ಪಾ, ಇವತ್ತ ಒಂದು ರೊಟ್ಟಿ ಕಡಿಮಿ ತಿಂದಿ, ಯಾಕ?” ಎಂದು ಅಬೇದಾಬಿ ನನ್ನನ್ನು ಬಾಗಿಲಲ್ಲಿ ತಡೆದಳು ಎಂದು ಒಂದು ದಿನ ಹೇಳಿದೆ. ಅವ್ವ ನಿಧಾನಕ್ಕೆ, “ಒಳ್ಳೆ ಬಾಯಿ ಐತಿ ಆಕಿದು” ಎಂದಳು. ಅದರಲ್ಲಿ ಸಣ್ಣ ಹೊಟ್ಟೆಕಿಚ್ಚಿತ್ತು, ನನಗೆ ಖುಷಿಯಾಯಿತು. ಅಪ್ಪ ಇರುವುದು ಗಂಗಾವತಿಯ ಅಕ್ಕಿ ಗಿರಣಿಯಲ್ಲಿ, ಬಂದರೆ ಅಮಾವಾಸ್ಯೆಗೆ ಬರುತ್ತಾನೆ. ಅವ್ವ ದಿನವೆಲ್ಲ ಬೇರೆಯವರ ಹೊಲದ ಕಳೆ ಕಿತ್ತು ಬಂದು, ಮೊದಲು ನನ್ನನ್ನು ಕೇಳುತ್ತಿದ್ದವಳು ಈಗ ಮೊದಲು ಅಬೇದಾಬಿಯ ಮೊಣಕಾಲನ್ನು ಕೇಳತೊಡಗಿದಳು. ನನಗೂ ಏನೋ ಆಗಿತ್ತು. ಒಂದು ಸಂಜೆ ಮಾಳಿಗೆಯ ಮೆಟ್ಟಿಲಲ್ಲಿ ಯಾರದೋ ಹೆಜ್ಜೆ ಸಪ್ಪಳವಾಯಿತು, ಕುಂಟುತ್ತ ಹತ್ತುವವರದು. ಅಬೇದಾಬಿ ಎಂದುಕೊಂಡು ಎದ್ದು ಕೂತೆ. ಕೆಳಗಿನ ಮನೆಯ ಮುದುಕ ಒಣಗಿದ ಬಟ್ಟೆ ತೆಗೆದುಕೊಂಡು ಇಳಿದುಹೋದ. ಆವತ್ತು ಅವಳ ಮೇಲೆ ನಿಜವಾಗಿ ಸಿಟ್ಟು ಬಂತು. ಏಳುನೂರು ರೊಟ್ಟಿ ಬಡಿಯಲು ಬಿಡುವಿದೆ, ಒಮ್ಮೆ ಬಂದು ನೋಡಿ ಹೋಗಲು ಇಲ್ಲ.

ನಿನ್ನೆ ಸಂಜೆ ಹೇಳಲು ಏನೂ ಇರಲಿಲ್ಲ. ದಿನವೆಲ್ಲ ಮೋಡವಿತ್ತು, ಚಿತ್ರಗಳು ಮಂಕಾಗಿ ಬಂದಿದ್ದವು. ಅವ್ವ “ಮತ್ತ?” ಎಂದಳು. ನಾನು ಅಬೇದಾಬಿಯ ಮಗಳಿಗೆ ನೋವು ಬರಿಸಿದೆ. ಅವ್ವ “ಅಯ್ಯ, ಮತ್ತ?” ಎಂದಳು. ಕೂಸು ಅಡ್ಡ ತಿರುಗಿದೆಯಂತೆ, ಡಾಕ್ಟರು ಏನೂ ಹೇಳುತ್ತಿಲ್ಲವಂತೆ, ಅಬೇದಾಬಿ ಒಲೆಯ ಮುಂದೆ ಕೂತು ಅಳುತ್ತಿದ್ದಳು ಎಂದೆ. “ಹುಲಿಗೆಮ್ಮಗ ಹರಕಿ ಹೊರ್ತೀನಿ, ಇಡು” ಎಂದು ಅವ್ವ ಫೋನಿಟ್ಟಳು.

ಇವತ್ತು ಕಣ್ಣು ಮುಚ್ಚಿ ಕೂತಿದ್ದಾಗ ಹಾರ್ನ್ ಕೇಳಿತು. ನಮ್ಮೂರ ಬಸ್ಸು, ಡ್ರೈವರ್ ಕೊಟ್ರಬಸಪ್ಪ, ತಿಂದದ್ದು ಉಪ್ಪಿಟ್ಟು, ಜಗಳವಿಲ್ಲ. ಎಲ್ಲವನ್ನೂ ಮನಸ್ಸಿನಲ್ಲೇ ಸರಿಯಾಗಿ ಹೇಳಿಕೊಂಡೆ, ಬಸ್ಸಿನೊಳಗೆ ಯಾರಿದ್ದಾರೆ ಎಂಬುದೊಂದನ್ನು ಬಿಟ್ಟು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅರ್ಧ ಕರ್ನಾಟಕವೇ ಕಿಟಕಿಯ ಪಕ್ಕ ಕೂತಿದೆ. ಅದರಲ್ಲಿ ನಮ್ಮವ್ವನೂ ಒಬ್ಬಳಾದಾಳು ಎಂದು ನನಗೆ ಹೊಳೆದಿರಲಿಲ್ಲ. ಕೊಟ್ರಬಸಪ್ಪ ಕಿಟಕಿಯಿಂದ ಅರ್ಧ ಹೊರಗೆ ಬಂದು ಕೂಗುತ್ತಿದ್ದ: “ಏ ಹೊಳಿಯಪ್ಪಾ! ಬುತ್ತಿ ಬ್ಯಾಡ ಅಂದಿಯಲ್ಲ, ಅದಕ್ಕ ಈ ಸಲ ಬುತ್ತಿ ಕಟ್ಟಾಕಿನ್ನ ತಂದೀನಿ. ಬಂದು ಇಳಿಸ್ಕೊ!” ಬಸ್ಸಿನ ಮೆಟ್ಟಿಲನ್ನು ಅವ್ವ ಏಣಿ ಇಳಿಯುವ ಹಾಗೆ ಬೆನ್ನು ಮುಂದೆ ಮಾಡಿ ಇಳಿಯುತ್ತಿದ್ದಳು. ಮೊದಲು ಕಂಡದ್ದು ಒಡೆದ ಹಿಮ್ಮಡಿ, ಆಮೇಲೆ ಹಬ್ಬದ ಸೀರೆ, ಆಮೇಲೆ ಬಗಲಲ್ಲಿ ಗಟ್ಟಿಯಾಗಿ ಹಿಡಿದ ನೈಲಾನ್ ಚೀಲ. ನನ್ನ ಮುಖ ನೋಡಿದವಳೇ ಕೇಳಿದಳು:

“ಹಡದಳೇನೋ?”

ಉಸಿರು ತಿರುಗುವಷ್ಟು ಹೊತ್ತೂ ಇರಲಿಲ್ಲ. “ಹಡದಾಳವ್ವಾ. ಹೆಣ್ಣು. ಇಬ್ಬರೂ ಆರಾಮ ಅದಾರ.”

ಅವ್ವ ಸ್ಟ್ಯಾಂಡಿನ ನಟ್ಟನಡುವೆ, ಹಿಂದೆ ಬರುತ್ತಿದ್ದ ಬಸ್ಸನ್ನೂ ಲೆಕ್ಕಿಸದೆ, ಹುಲಿಗೆಮ್ಮನ ಗುಡಿಯಿರುವ ಹುಲಿಗಿಯ ದಿಕ್ಕು ಯಾವುದೆಂದು ನನ್ನನ್ನು ಕೇಳಿ ಆ ಕಡೆ ಕೈ ಮುಗಿದಳು. ಬೆಂಚಿಗೆ ಬಂದು ಚೀಲ ಬಿಚ್ಚಿ ಒಂದೊಂದಾಗಿ ತೋರಿಸಿದಳು. ಅಬೇದಾಬಿಗೆ ಕುಬಸದ ಖಣ. ಮೊಣಕಾಲಿಗೆ ಎಕ್ಕೆಯ ಎಲೆ ಹಾಕಿ ಕಾಯಿಸಿದ ಔಡಲೆಣ್ಣೆ, ಔಷಧದ ಸೀಸೆಯಲ್ಲಿ. ಕೊನೆಗೆ, ಹಳದಿ ಬಟ್ಟೆಗೆ ಹಸಿರು ಅಂಚಿಟ್ಟು ಕೈಯಲ್ಲೇ ಹೊಲಿದ ಒಂದು ಕುಲಾವಿ, ನನ್ನ ಮುಷ್ಟಿಗಿಂತ ಸ್ವಲ್ಪ ದೊಡ್ಡದು. “ಚಿಮಣಿ ಬುಡ್ಡಿ ಹಚ್ಕೊಂಡು ಹೊಲದೇನಿ, ಕರೆಂಟು ಹೋಗಿತ್ತು. ಹೊಲಿಗಿ ಸೊಟ್ಟ ಆಗೈತೇನು ನೋಡು. ನಡಿ, ಆಕಿನ್ನ ನೋಡೂಣು.”

“ಆಕಿ ಇಲ್ಲವ್ವಾ. ಕುಷ್ಟಗಿಗೆ ಹೋಗ್ಯಾಳ. ಬಾಣಂತನಕ್ಕ.”

“ಹಂಗಾರ ಕುಷ್ಟಗಿ ಬಸ್ಸು ಯಾವ ಕಡೆ ನಿಲ್ತೈತಿ? ನಡಿ, ನನಗ ಪುಕ್ಕಟ ಐತಿ, ನಿನಗಷ್ಟ ಟಿಕೀಟು.” ಆಗಲೇ ಎದ್ದಿದ್ದಳು.

“ಇಲ್ಲ ಇಲ್ಲ, ಸಂಜೀಕ ಹೋಗ್ತಾಳ. ಈಗ ಇಲ್ಲೇ ಅದಾಳ.”

“ಹಾಸ್ಟೆಲಿನ್ಯಾಗ?”

“ಹಾಸ್ಟೆಲಿನ್ಯಾಗ. ಆದ್ರ ಅಲ್ಲಿ ಹೆಣ್ಮಕ್ಕಳನ್ನ ಒಳಗ ಬಿಡಂಗಿಲ್ಲ.”

“ಅಬೇದಾಬಿ ಏನು ಗಂಡಸೇನು?” ಅವ್ವ ನಕ್ಕಳು. ಎಷ್ಟೋ ದಿನದ ಮೇಲೆ ನನ್ನ ಎದುರಿಗೆ ಒಬ್ಬರು ನಕ್ಕದ್ದು. ಆ ನಗುವಿನಲ್ಲಿ ಅವಳ ಮೇಲಿನ ಹಲ್ಲೊಂದು ಬಿದ್ದುಹೋಗಿರುವುದು ಕಂಡಿತು. ಫೋನಿನಲ್ಲಿ ಇದನ್ನು ಹೇಳಿರಲಿಲ್ಲ. ನಾವು ದಿನಾ ಮಾತಾಡುತ್ತಿದ್ದೆವು, ಅವಳ ಹಲ್ಲು ಬಿದ್ದದ್ದು ಯಾವಾಗ? ಅಬೇದಾಬಿಯ ಮಾತಿನ ನಡುವೆ ಅದಕ್ಕೆ ಜಾಗ ಸಿಕ್ಕಿರಲಿಕ್ಕಿಲ್ಲ. ಈಗ ಹೇಳಿಬಿಡಬೇಕು ಎಂದುಕೊಂಡೆ. ಅವ್ವ ಕುಲಾವಿಯ ಅಂಚನ್ನು ಉಗುರಿನಿಂದ ತೀಡಿ ಮಡಚುತ್ತಿದ್ದಳು. ಬಾಯಿ ತನ್ನಷ್ಟಕ್ಕೆ ಹೇಳಿತು: “ಹಗಲಿನ್ಯಾಗ ಆಕಿ ಹಾಸ್ಟೆಲಿನ್ಯಾಗ ಇರಂಗಿಲ್ಲವ್ವಾ. ಹೊರಗ ಮಿರ್ಚಿ ಹಾಕ್ತಾಳ.”

ಹೊಗೆ ಬರುತ್ತಿದ್ದ ಕಡೆಗೆ ಕಾಲುಗಳು ನಡೆದವು. ಗೌಸಬೀ ಗಾಡಿಯ ಹಿಂದೆ ಸಣ್ಣ ಸ್ಟೂಲಿನ ಮೇಲೆ ಕೂತು ಮೆಣಸಿನಕಾಯಿ ಸೀಳುತ್ತಿದ್ದಳು. “ಇವರೇನು?” ಎಂದು ಅವ್ವ ಪಿಸುಗುಟ್ಟಿದಳು. ನಾನು ತಲೆ ಅಲ್ಲಾಡಿಸಿದೆ. ಹೌದೆಂದೋ ಅಲ್ಲವೆಂದೋ ಯಾರು ಹೇಗೆ ಬೇಕಾದರೂ ತಿಳಿದುಕೊಳ್ಳುವಂತೆ. ಅವ್ವ ಸೆರಗು ಸರಿಮಾಡಿಕೊಂಡು ಮುಂದೆ ಹೋಗಿ, ಹಿಟ್ಟು ಹತ್ತಿದ ಆ ಕೈಗಳನ್ನು ಹಾಗೇ ಹಿಡಿದುಕೊಂಡು, ಖಣವನ್ನು ಅದರಲ್ಲಿಟ್ಟಳು.

“ನಾ ಇವನ ತಾಯಿರೀ ಅಕ್ಕಾರ. ನನ್ನ ಮಗನ್ನ ಕಣ್ಣಾಗಿಟ್ಟು ನೋಡ್ಕೋತೀರಿ. ನಿಮ್ಮ ಋಣ ಹೆಂಗ ತೀರಸ್ಲಿ?”

ಗೌಸಬೀ ನನ್ನನ್ನು ನೋಡಿದಳು. ನಾನು ಹುಬ್ಬಿನಲ್ಲಿ, ಕಣ್ಣಿನಲ್ಲಿ, ತುಟಿಯ ತುದಿಯಲ್ಲಿ ಬೇಡಿಕೊಂಡೆ. “ನೋಡ್ಕೊಳ್ಳೂದೇನು ಬಂತ್ರೀ ಯಕ್ಕಾ” ಎಂದಳು, ಅನುಮಾನಿಸುತ್ತ. “ದಿನಾ ಬರ್ತಾನ, ಪಾಪ, ನನ್ನ ಕೈಲಾದಷ್ಟು ಒಂದು ಹೆಚ್ಚಿಗಿ ಹಾಕಿ ಕೊಡ್ತೀನಿ. ಅದಕ್ಕ ಖಣ ಯಾಕ್ರೀ?” ಬದುಕಿದೆ ಅಂದುಕೊಂಡೆ. ಅವ್ವ ಸೀಸೆ ತೆಗೆದು ಅವಳ ಕೈಗಿಟ್ಟಳು. “ಇದು ನಿಮ್ಮ ಮೊಣಕಾಲಿಗೆ. ಬಿಸಿ ಮಾಡಿ ತಿಕ್ಕೋರಿ.”

“ನನ್ನ ಮೊಣಕಾಲಿಗೇನಾಗೈತ್ರಿ?” ಗೌಸಬೀ ಎದ್ದಳು, ಕೂತಳು, ಮತ್ತೆ ಎದ್ದಳು, ಸ್ಪ್ರಿಂಗಿನ ಹಾಗೆ, ತಮಾಷೆಗೆ. ಹಾಗೇ ಬಗ್ಗಿ ತುಂಬಿದ ಎಣ್ಣೆಯ ಡಬ್ಬವನ್ನು ಒಂದೇ ಕೈಯಲ್ಲಿ ಎತ್ತಿ ಗಾಡಿಯ ಮೇಲಿಟ್ಟಳು. “ಗಟ್ಟಿ ಅದಾವ ನೋಡ್ರಿ!” ಅವ್ವ ಅವಳ ಕೂಡ ನಕ್ಕಳು, ಆದರೆ ನಗು ಅರ್ಧಕ್ಕೆ ನಿಂತಿತು. ಅವಸರದಿಂದ, ತಪ್ಪನ್ನು ಮುಚ್ಚುವವಳ ಹಾಗೆ, ಕುಲಾವಿ ತೆಗೆದು ಚಾಚಿದಳು. “ಇರಲಿ ಬಿಡ್ರಿ. ಇದು ನಿಮ್ಮ ಮೊಮ್ಮಗಳಿಗೆ. ಮಗಳು ಆರಾಮ ಅದಾಳಂತಲ್ಲ, ಭಾಳ ಹೆದರಿದ್ದೆ ನಾ.”

ಕಡಾಯಿಯಲ್ಲಿ ಎಣ್ಣೆ ಚಟಪಟ ಅನ್ನುತ್ತಿತ್ತು. ಗೌಸಬೀ ಆ ಸಣ್ಣ ಹಳದಿ ಬಟ್ಟೆಯನ್ನು ನೋಡುತ್ತ ನಿಂತಳು. ಕೈ ಮುಂದೆ ಬಂತು, ಮುಟ್ಟಲಿಲ್ಲ, ಹಿಂದೆ ಹೋಯಿತು. “ನನಗ ಮಕ್ಕಳ ಇಲ್ರೀ ಯಕ್ಕಾ” ಎಂದಳು. “ಆಗಲೇ ಇಲ್ಲ.”

ಅವ್ವ ತಿರುಗಿದಳು. “ಹೊಳಿಯಪ್ಪಾ?”

“ಅವ್ವಾ, ಅದು ಏನಂದ್ರ,” ಎಂದೆ. ಇವರು ಅಬೇದಾಬಿಯ ತಂಗಿ ಎಂಬುದು ನಾಲಿಗೆಯ ಮೇಲೆ ಸಿದ್ಧವಿತ್ತು.

“ಯಾ ಅಲ್ಲಾ!” ಗೌಸಬೀ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಈ ಹುಡುಗಗ ಮಾತು ಬರ್ತಾವ? ಅಲ್ಲೋ ತಮ್ಮಾ, ನಿನಗ ಮಾತು ಬರ್ತಾವೇನೋ? ನೋಡ್ರೀ ಯಕ್ಕಾ, ಬಂದು ಬೆರಳು ತೋರಿಸ್ತಾನ, ತಗೊಂಡು ಹೋಗ್ತಾನ. ಮುಂಜಾನಿಂದ ಸಂಜಿ ತನಕ ಆ ಬೆಂಚಿನ ಮ್ಯಾಲೆ. ಒಬ್ಬರ ಕೂಡ ತುಟಿ ಬಿಚ್ಚಿದ್ದು ನಾ ಕಂಡಿಲ್ಲ. ಮೂಕ ಅದಾನ, ದೇವರು ಹಂಗ ಹುಟ್ಟಿಸ್ಯಾನ ಅಂತ ತಿಳದು ಒಂದು ಮಿರ್ಚಿ ಹೆಚ್ಚಿಗಿ ಹಾಕ್ತಿದ್ನೆಲ್ರೀ!”

ಇಬ್ಬರೂ ನನ್ನನ್ನು ನೋಡುತ್ತಿದ್ದರು. ತಂಗಿ ನಾಲಿಗೆಯಿಂದ ಇಳಿದುಹೋದಳು. ಗೌಸಬೀ ಕೈಯನ್ನು ಬಟ್ಟೆಗೆ ಎರಡೆರಡು ಸಲ ಒರೆಸಿಕೊಂಡು ಸೀಸೆಯನ್ನೂ ಖಣವನ್ನೂ ತಿರುಗಿ ಕೊಡಲು ಬಂದಳು. ಅವ್ವ ಸೀಸೆಯನ್ನಷ್ಟೇ ತೆಗೆದುಕೊಂಡಳು. “ಖಣ ಇರಲಿರಿ. ಕೊಟ್ಟಿದ್ದನ್ನ ಹೊಳ್ಳಿ ತಗೊಳ್ಳೂದಿಲ್ಲ ನಾ. ಮಿರ್ಚಿ ಕೊಟ್ಟೀರೆಲ್ಲ, ಅದಕ್ಕ ಇರಲಿ.”

ಬೆಂಚಿಗೆ ಬಂದು ಕೂತೆವು. ಬಸ್ಸೊಂದು ಬಂತು, ಯಾವ ಊರಿನದೋ ನೋಡಲಿಲ್ಲ. ಅವ್ವ ರಸ್ತೆ ತಪ್ಪಿದವರು ದಾರಿ ಕೇಳುವ ದನಿಯಲ್ಲಿ ಕೇಳಿದಳು:

“ಅಬೇದಾಬಿ ಎಲ್ಲಿ ಅದಾಳ?”

“ಇಲ್ಲವ್ವಾ.”

“ಎಲ್ಲಿ ಹೋದಳು?”

“ಎಲ್ಲೂ ಹೋಗಿಲ್ಲ. ಆಕಿ ಇರಲೇ ಇಲ್ಲ. ಹಾಸ್ಟೆಲು ಇಲ್ಲ. ಸಾಲಿಗೂ ಹೋಗವಲ್ಲೆ.”

ಹಾಸ್ಟೆಲು, ಸಾಲೆ ಅವಳ ಕಿವಿಗೆ ಬಿದ್ದಹಾಗೆ ಕಾಣಲಿಲ್ಲ. “ಆಕಿ ಮಗಳು?”

“ಇಲ್ಲ.”

“ಈಗರ ಹಡದಾಳ ಅಂದೆಲ್ಲೋ. ಹೆಣ್ಣು ಅಂದಿ.”

ಅವ್ವ ಕುಲಾವಿಯನ್ನು ತೊಡೆಯ ಮೇಲೆ ಹರವಿದಳು, ಮಡಚಿದಳು, ಮತ್ತೆ ಹರವಿದಳು. ಬಯ್ಯಲಿ ಎಂದು ಕಾಯುತ್ತಿದ್ದೆ. ಕೊಟ್ರಬಸಪ್ಪನ ಎದುರಿಗೆ, ಈ ಬುತ್ತಿಯ ಹುಡುಗರೆಲ್ಲರ ಎದುರಿಗೆ ಎರಡು ಬಾರಿಸಲಿ ಎಂದು. “ಕನಸಿನ್ಯಾಗ ಬಂದಿದ್ಳು ಆಕಿ” ಎಂದಳು. “ಎತ್ತರ ಇದ್ಳು, ನನಗಿಂತ ಕರ್ರಗ. ನಮ್ಮ ಕಟ್ಟಿ ಮ್ಯಾಲೆ ಕುಂತು, ಬೈನಿ ಅಂತ ತಂಗಿನ್ನ ಕರದಂಗ ಕರದು, ಕಾಲು ಭಾಳ ನೋಯ್ತಾವ ಅಂದ್ಲು. ನನಗ ಯಾರು ಹಂಗ ಹೇಳ್ತಾರ? ಕಳೆ ಕೀಳೂ ಹೆಣ್ಮಕ್ಕಳಿಗೆಲ್ಲ ಹೇಳೀನಿ, ನನ್ನ ಗೆಳತಿ ಒಬ್ಬಾಕಿ ಅದಾಳ ಕೊಪ್ಪಳದಾಗ ಅಂತ. ಈಗ ಆಕಿನ್ನ ಏನು ಮಾಡಲಿ?” ಎಂದು ನನ್ನ ಮುಖ ನೋಡಿದಳು, ನಾನು ಮಾಡಿದ್ದನ್ನು ನಾನೇ ಸರಿಮಾಡಬಲ್ಲೆ ಎಂಬಂತೆ. ಕೊನೆಗೆ ಅವಳೇ ಸೆರಗಿನಿಂದ ಮುಖ ಒರೆಸಿಕೊಂಡು, ಸೀಸೆಯ ಬಿರಡೆ ಬಿಗಿಮಾಡಿ, ಈಗ ತಾನೇ ಬಸ್ಸಿನಿಂದ ಇಳಿದು ನನ್ನನ್ನು ಕಂಡವಳ ಹಾಗೆ, ನನ್ನ ಕುತ್ತಿಗೆ, ಕೈ, ಅಂಗಿಯ ಕಾಲರು ಎಲ್ಲವನ್ನೂ ನೋಡಿದಳು.

“ಆ ಮಿರ್ಚಿಯಾಕಿ ಮೂಕ ಅದಾನ ಅಂದ್ಲು ನಿನ್ನ. ಯಾಕೋ? ಫೋನಿನ್ಯಾಗ ಅಷ್ಟು ಮಾತಾಡ್ತಿದ್ದಿ. ನಗ್ತಿದ್ದಿ.”

“ನಿನ್ನ ಜೋಡಿ ಅಷ್ಟ ಅವ್ವಾ” ಎಂದೆ. “ನೀ ಫೋನ್ ಇಟ್ಟಮ್ಯಾಲೆ, ಮರುದಿನ ನೀ ಹೊಳ್ಳಿ ಮಾಡೂತನ ನಾ ಒಂದು ಮಾತೂ ಆಡೂದಿಲ್ಲ.”